ಯಾರ ಕೊಳಗದಲ್ಲಿ ಅಳೆದದ್ದು?

2025ರ ಮೇ 2ರಂದು ಎಸ್ಸೆಸ್ಸೆಲ್ಸಿ ಫಲಿತಾಂಶ ಬಂತು. ಹೊಸನಗರದ ಕಡೆಯ ನಮ್ಮ ಹಳ್ಳಿಯಲ್ಲಿ ಮಧ್ಯಾಹ್ನದ ಊಟದ ಹೊತ್ತಿಗೆಲ್ಲ ಯಾರ ಮನೆ ಹುಡುಗ ಪಾಸು, ಯಾರ ಮನೆ ಹುಡುಗಿ ನಪಾಸು ಎನ್ನುವುದು ಮೊಬೈಲ್ ಸಿಗ್ನಲ್ ಸಿಗದ ಮನೆಗಳಿಗೂ ಮುಟ್ಟಿತ್ತು. ಸಂಜೆ ನಮ್ಮ ಕೇರಿಯ ಒಬ್ಬ ತಾಯಿ ಮನೆಗೆ ಬಂದಳು. ಸುಗ್ಗಿಯಲ್ಲಿ ಅಡಿಕೆ ಸುಲಿಯುವವಳು, ಉಳಿದ ದಿನ ಸಿಕ್ಕಿದ ಕೂಲಿ ಮಾಡುವವಳು. ಜಗಲಿ ತುದಿಗೆ ಕೂತು ಕೇಳಿದಳು:

"ಮೇಷ್ಟ್ರೇ, ನಮ್ಮ ಹುಡುಗ ಫೇಲಂತೆ. ಹೌದಾ?"

ನಾನು ಮೊಬೈಲಿನಲ್ಲಿ ತೆಗೆದು ಒಂದೊಂದೇ ಓದಿ ಹೇಳಿದೆ. ಕನ್ನಡದಲ್ಲಿ ಒಳ್ಳೆಯ ಅಂಕ. ಸಮಾಜ ಪರವಾಗಿಲ್ಲ. ವಿಜ್ಞಾನ, ಇಂಗ್ಲಿಷು, ಹಿಂದಿ ಹೇಗೋ ದಡ ಸೇರಿವೆ. ಗಣಿತ 31. ಬೇಕಾದದ್ದು 35.

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, "ಹಂಗಾರೆ ಲೆಕ್ಕ ಒಂದ್ರಲ್ಲಿ ಫೇಲು. ಉಳಿದದ್ದೆಲ್ಲ ಪಾಸು. ಮತ್ತೆ ಊರವ್ರೆಲ್ಲ ಅಂವ ಫೇಲು, ಅಂವ ಫೇಲು ಅಂತಾರಲ್ಲ ಮೇಷ್ಟ್ರೇ? ಇಡೀ ಅಂವನೇ ಫೇಲಾ?" ಅಂದಳು.

ನಾನು ಮೇಷ್ಟ್ರಾಗಿ ಇಪ್ಪತ್ತೊಂಬತ್ತು ವರ್ಷವಾಗಿತ್ತು. ಸಾವಿರಾರು ಮಕ್ಕಳ ಹೆಸರಿನ ಮುಂದೆ ಕೆಂಪು ಶಾಯಿಯಲ್ಲಿ ಬರೆದಿದ್ದೇನೆ. ಆ ಹೆಂಗಸಿನ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. "ಇನ್ನೊಂದು ಪರೀಕ್ಷೆ ಇದೆ, ಬರೆಸಾಣ" ಎಂದು ಹೇಳಿ ಕಳಿಸಿದೆ. ಹುಡುಗ ಪರೀಕ್ಷೆ-2 ಬರೆದ. 38 ಬಂತು. ಊರಿನ ಬಾಯಲ್ಲಿ ಅವನು ಪಾಸಾದ. ಕೆಲವೇ ವಾರಗಳ ಕೆಳಗೆ ಇಡೀ ಅವನೇ ನಪಾಸು, ಈಗ ಇಡೀ ಅವನೇ ಪಾಸು. ಆ ಕೆಲವು ವಾರದಲ್ಲಿ ಅವನ ಒಳಗೆ ಏನು ಬದಲಾಯಿತು? ಏಳು ಮಾರ್ಕು.

ಕಥೆ ಅಲ್ಲಿಗೂ ಮುಗಿಯಲಿಲ್ಲ. ಅದೇ 2025ರ ಅಕ್ಟೋಬರ್‌ನಲ್ಲಿ ಸರ್ಕಾರ ಹೊಸ ನಿಯಮ ಹೇಳಿತು: ಒಟ್ಟು ಶೇಕಡಾ 33 ಬಂದರೆ, ಒಂದೊಂದು ವಿಷಯದಲ್ಲಿ ಕನಿಷ್ಠ 30 ಇದ್ದರೆ, ಪಾಸು. ಆ ಲೆಕ್ಕದಲ್ಲಿ ಇವನು ಮೇ 2ರಂದೇ ಪಾಸಾಗಿದ್ದ! ಆ ತಾಯಿ ಇಡೀ ರಾತ್ರಿ ನಿದ್ದೆಗೆಟ್ಟದ್ದಕ್ಕೆ ಕಾರಣ ಹುಡುಗನ ಬುದ್ಧಿಯಲ್ಲ, ಯಾರೋ ಎಲ್ಲೋ ಎಳೆದಿದ್ದ ಒಂದು ಗೆರೆ. ಗೆರೆ ಎಳೆದವರೇ ಅದನ್ನು ಅಳಿಸಿ ಇನ್ನೊಂದು ಕಡೆ ಎಳೆದರು. ನಾನು ಗೆರೆ ಬೇಡ ಎನ್ನುತ್ತಿಲ್ಲ. ಗೆರೆಯನ್ನು ದೇವರು ಎಳೆದದ್ದಲ್ಲ ಎನ್ನುತ್ತಿದ್ದೇನೆ.

ಗೆಳೆಯರೇ, ನಮ್ಮ ಈ ಸೀಮೆಗೆ ಇದು ಹೊಸ ಪಾಠವಲ್ಲ. ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ನಡೆದದ್ದನ್ನು ನೆನಪು ಮಾಡಿಕೊಳ್ಳಿ. ಗೇಣಿ ಒಕ್ಕಲುಗಳು, ಅದರಲ್ಲಿ ಹೆಚ್ಚಿನವರು ದೀವರು, ಮಳೆಯಲ್ಲಿ ನೆನೆದು ಕೆಸರಲ್ಲಿ ಹೂತು ಬೆಳೆದ ಭತ್ತವನ್ನು ಒಡೆಯರಿಗೆ ಗೇಣಿಯಾಗಿ ಅಳೆದು ಕೊಡಬೇಕಿತ್ತು. ಅಳೆಯುವ ಕೊಳಗ ಒಡೆಯರ ಮನೆಯದು. ಅದು ಸರ್ಕಾರಿ ಅಳತೆಯ ಕೊಳಗಕ್ಕಿಂತ ದೊಡ್ಡದು. ಪುಸ್ತಕದಲ್ಲಿ ಬರೆದ ಲೆಕ್ಕ ಸರಿಯಾಗೇ ಇರುತ್ತಿತ್ತು, ಇಷ್ಟು ಕೊಳಗ ಬರಬೇಕು, ಇಷ್ಟು ಕೊಳಗ ಬಂತು, ಇಷ್ಟು ಬಾಕಿ. ಕೂಡಿಸುವುದು ಕಳೆಯುವುದು ಯಾವುದರಲ್ಲೂ ತಪ್ಪಿಲ್ಲ. ತಪ್ಪಿದ್ದದ್ದು ಕೊಳಗದ ಹೊಟ್ಟೆಯಲ್ಲಿ. ಬಾಕಿ ಉಳಿದ ಒಕ್ಕಲು ಮಾತ್ರ 'ಸೋಮಾರಿ', 'ಕೈಲಾಗದವನು'.

ಎಚ್. ಗಣಪತಿಯಪ್ಪನವರ ಮುಂದಾಳತನದ ಸಾಗರ ತಾಲ್ಲೂಕು ರೈತ ಸಂಘ ಕೇಳಿದ್ದು ಬಹಳ ಸಣ್ಣ ಪ್ರಶ್ನೆ: ಈ ಕೊಳಗ ಯಾರದು? ಬಿಟ್ಟಿ ಯಾಕೆ ಮಾಡಬೇಕು? ಆ ಸಣ್ಣ ಪ್ರಶ್ನೆಗೆ ಒಕ್ಕಲುಗಳನ್ನು ಜಮೀನಿನಿಂದ ಎಬ್ಬಿಸಿದರು. ಏಪ್ರಿಲ್‌ನಲ್ಲಿ ಸತ್ಯಾಗ್ರಹ ಶುರುವಾಯಿತು. ಶಾಂತವೇರಿ ಗೋಪಾಲಗೌಡರೂ ಸಮಾಜವಾದಿ ಪಕ್ಷದವರೂ ಜೊತೆ ನಿಂತರು. ಜೂನ್‌ನಲ್ಲಿ ರಾಮಮನೋಹರ ಲೋಹಿಯಾ ಬಂದು ದಸ್ತಗಿರಿಯಾದರು. ಅಕ್ಷರ ಬಾರದ ಗೇಣಿದಾರರು ತಂಡ ತಂಡವಾಗಿ ಜೈಲಿಗೆ ಹೋದರು. ಅವರಿಗೆ ಅಕ್ಷರ ಬರುತ್ತಿರಲಿಲ್ಲ, ನಿಜ. ಆದರೆ ಪದವಿ ಪಡೆದ ನಮಗೆ ಇವತ್ತಿಗೂ ತಿಳಿಯದ ಒಂದು ಸಂಗತಿ ಅವರಿಗೆ ತಿಳಿದಿತ್ತು. ರಾಶಿ ಕಮ್ಮಿ ಬಂತು ಅಂದರೆ ಮೊದಲು ನೋಡಬೇಕಾದ್ದು ರಾಶಿಯನ್ನಲ್ಲ, ಕೊಳಗವನ್ನು.

ಶಾಲೆಯ ಕಣದಲ್ಲಿ ಈ ಪ್ರಶ್ನೆಯನ್ನು ನಾವು ಯಾಕೆ ಕೇಳುವುದಿಲ್ಲ?

ನಮ್ಮ ಶಾಲೆಯ ಕೊಳಗವನ್ನು ಸ್ವಲ್ಪ ತಿರುವಿ ನೋಡೋಣ. ಮಗು ಮನೆಯಲ್ಲಿ ಆಡುವ ಮಾತು ಅದರಲ್ಲಿ ನಿಲ್ಲುವುದಿಲ್ಲ, ಸೋರಿಹೋಗುತ್ತದೆ. ಪುಸ್ತಕದ ಭಾಷೆ ಮನೆಯಲ್ಲೇ ಇರುವ ಮಗು ಅರ್ಧ ಕೊಳಗ ತುಂಬಿಕೊಂಡೇ ಒಂದನೇ ತರಗತಿಗೆ ಬರುತ್ತದೆ. ಓದುವುದಕ್ಕೆ ಒಂದು ಕೋಣೆ, ಸಂಜೆ ಟ್ಯೂಷನ್ನು, ಅನುಮಾನ ಬಂದರೆ ಕೇಳುವುದಕ್ಕೆ ಓದಿದ ಅಪ್ಪ ಅಮ್ಮ, ಇವೆಲ್ಲ ಕೊಳಗದ ಒಳಗೆ ಸೇರುತ್ತವೆ. ಆದರೆ ಅಂಕಪಟ್ಟಿಯಲ್ಲಿ ಇವ್ಯಾವುವೂ ಕಾಣುವುದಿಲ್ಲ. ಅಲ್ಲಿ ಕಾಣುವುದು ಒಂದೇ ಹೆಸರು, ಮಗುವಿನದು. ಎಲ್ಲರಿಗೂ ಒಂದೇ ಪ್ರಶ್ನೆಪತ್ರಿಕೆ, ಇದಕ್ಕಿಂತ ನ್ಯಾಯ ಬೇಕೇ ಎಂದು ಕೇಳುತ್ತಾರೆ. ಕಾಗೋಡಿನಲ್ಲೂ ಎಲ್ಲ ಒಕ್ಕಲಿಗೂ ಒಂದೇ ಕೊಳಗ ಇತ್ತಲ್ಲ!

ಲಿಂಗನಮಕ್ಕಿಯನ್ನೇ ತೆಗೆದುಕೊಳ್ಳಿ. 1964ರಲ್ಲಿ ಆ ಅಣೆಕಟ್ಟು ಮುಗಿಯಿತು. ಸಾಗರ, ಹೊಸನಗರ ತಾಲ್ಲೂಕುಗಳ ಎಷ್ಟೋ ಊರು ಶರಾವತಿಯ ಹಿನ್ನೀರಿನಲ್ಲಿ ಮುಳುಗಿದವು. ಗದ್ದೆ, ತೋಟ, ಮನೆ ಮುಳುಗಿದವು. ಸಾವಿರಾರು ಕುಟುಂಬಗಳನ್ನು ಲಾರಿಯಲ್ಲಿ ತುಂಬಿ ಕಾಡಿನ ಅಂಚಿಗೆ ಸುರಿದರು. ರಾಜ್ಯದ ಊರೂರಿಗೆ ವಿದ್ಯುತ್ತು ಹೋಯಿತು, ಅದನ್ನು ಕೊಟ್ಟ ಜನರ ಮಕ್ಕಳು ಬುಡ್ಡಿದೀಪದಲ್ಲಿ ಓದಿದರು. ಅವರಲ್ಲಿ ಹಲವರಿಗೆ ಅರವತ್ತು ವರ್ಷದ ಮೇಲೂ ತಾವಿರುವ ಜಾಗದ ಹಕ್ಕುಪತ್ರವಿಲ್ಲ. 2021ರಲ್ಲಿ ಹೈಕೋರ್ಟಿನ ತೀರ್ಪು ಬಂದು, ಕೊಟ್ಟಿದ್ದ ಭೂಮಿಯೂ ಅರಣ್ಯದ ಲೆಕ್ಕಕ್ಕೆ ಹೋಗಿ ನಿಂತಿತು. ಹಿನ್ನೀರಿನ ಆಚೆಯ ತುಮರಿ ಕಡೆಯವರು ಸಾಗರಕ್ಕೆ ಬರಬೇಕಾದರೆ ಲಾಂಚಿಗೆ ಕಾಯಬೇಕಿತ್ತು. ಅಂಬಾರಗೋಡ್ಲು–ಕಳಸವಳ್ಳಿ ನಡುವಿನ ಸೇತುವೆ ಉದ್ಘಾಟನೆಯಾದದ್ದು 2025ರ ಜುಲೈನಲ್ಲಿ. ಅಣೆಕಟ್ಟು ಕಟ್ಟುವುದಕ್ಕೆ ಇದ್ದ ಅವಸರ ಸೇತುವೆ ಕಟ್ಟುವುದಕ್ಕೆ ಇರಲಿಲ್ಲ. ಈ ನಡುವೆ ಆ ದಡದ ಎಷ್ಟು ಮಕ್ಕಳು 'ಓದು ಹತ್ತಲಿಲ್ಲ' ಎನ್ನಿಸಿಕೊಂಡು ಶಾಲೆ ಬಿಟ್ಟರು? ಅವರ ವರ್ಗಾವಣೆ ಪತ್ರದಲ್ಲಿ ಅಣೆಕಟ್ಟಿನ ಹೆಸರು ಬರೆದಿದೆಯೇ? ಮುಳುಗಡೆಯ ಮಗುವನ್ನೂ ಬೆಂಗಳೂರಿನ ಬಡಾವಣೆಯ ಮಗುವನ್ನೂ ಒಂದೇ ಗೆರೆಯಲ್ಲಿ ನಿಲ್ಲಿಸಿ, ಓಡಿ ಎಂದು ಸೀಟಿ ಊದಿ, ಆಮೇಲೆ ಗೆದ್ದವನ 'ಪ್ರತಿಭೆ'ಗೆ ಹಾರ ಹಾಕುತ್ತೇವೆ.

ಈ 'ಪ್ರತಿಭೆ', 'ದಕ್ಷತೆ' ಎಂಬ ಮಾತುಗಳಿಗೂ ನೂರು ವರ್ಷದ ಚರಿತ್ರೆ ಇದೆ. 1882ರಲ್ಲಿ ಹಂಟರ್ ಆಯೋಗದ ಮುಂದೆ ಜ್ಯೋತಿಬಾ ಫುಲೆಯವರು ಹೇಳಿದ್ದು ಇದನ್ನೇ: ರೈತನ ಬೆವರಿನ ಕಂದಾಯದಿಂದ ಮೇಲುಜಾತಿಯವರ ಮಕ್ಕಳಿಗೆ ದೊಡ್ಡ ಓದು, ರೈತನ ಮಕ್ಕಳಿಗೆ ಅ ಆ ಇ ಈಯೂ ಇಲ್ಲ. ನಮ್ಮ ಮೈಸೂರು ಸಂಸ್ಥಾನದಲ್ಲಿ ಸರ್ಕಾರಿ ಹುದ್ದೆಗಳೆಲ್ಲ ಹೆಚ್ಚುಕಡಿಮೆ ಒಂದೇ ಜಾತಿಯ ಕೈಯಲ್ಲಿದ್ದಾಗ, 1918ರಲ್ಲಿ ಮಹಾರಾಜರು ಮಿಲ್ಲರ್ ಸಮಿತಿ ನೇಮಿಸಿದರು. ದಿವಾನ್ ವಿಶ್ವೇಶ್ವರಯ್ಯನವರಿಗೆ ಅದು ಒಪ್ಪಿಗೆಯಾಗಲಿಲ್ಲ, ಆಡಳಿತದ ದಕ್ಷತೆ ಕೆಡುತ್ತದೆ ಎಂಬುದು ಅವರ ಚಿಂತೆ. ಅವರು ದೊಡ್ಡ ಎಂಜಿನಿಯರು, ಅನುಮಾನವಿಲ್ಲ. ಆದರೆ ಅಷ್ಟು ದೊಡ್ಡ ಎಂಜಿನಿಯರಿಗೂ ಕೊಳಗದ ಅಳತೆ ತಪ್ಪಿದೆ ಎಂದು ಹೊಳೆಯಲಿಲ್ಲ. ಕೊಳಗ ತನ್ನ ಮನೆಯದೇ ಆಗಿದ್ದರೆ ಯಾರಿಗೂ ಹೊಳೆಯುವುದಿಲ್ಲ. ಇದು ಮನುಷ್ಯ ಸ್ವಭಾವ.

ನನಗೂ ಹೊಳೆಯಲಿಲ್ಲ. ಆ ಮಾತನ್ನು ಈಗ ಹೇಳಬೇಕು. ಬೇರೆಯವರ ಕೊಳಗ ತೋರಿಸಿ ನನ್ನದನ್ನು ಮುಚ್ಚಿಟ್ಟುಕೊಂಡರೆ ಈ ಬರಹಕ್ಕೆ ಅರ್ಥವಿಲ್ಲ.

ನಮ್ಮಪ್ಪ ಜೀತದಾಳು. ಸೊಪ್ಪಿನ ಬೆಟ್ಟದಿಂದ ಒಡೇರ ತೋಟಕ್ಕೆ ಸೊಪ್ಪಿನ ಹೊರೆ ಹೊತ್ತು ಹೊತ್ತು ಅವನ ನೆತ್ತಿಯ ಮೇಲೆ ಕೂದಲು ನಿಲ್ಲುತ್ತಿರಲಿಲ್ಲ. 1976ರಲ್ಲಿ ಜೀತ ರದ್ದತಿ ಕಾಯಿದೆ ಬಂದಾಗ ನನಗೆ ಆರು ವರ್ಷ. ಆ ವರ್ಷವೇ ನನ್ನನ್ನು ಶಾಲೆಗೆ ಹಾಕಿದ. ನಾನು ಓದಿದೆ, ಮೇಷ್ಟ್ರಾದೆ. 2003ರಲ್ಲಿ ಎಂಟನೇ ತರಗತಿಯ ಒಬ್ಬ ಹುಡುಗ ಬೀಜಗಣಿತದ ಒಂದು ಲೆಕ್ಕವನ್ನು ಮೂರು ಸಲ ಹೇಳಿಕೊಟ್ಟರೂ ತಪ್ಪು ಮಾಡಿದ. ನನ್ನಂಥದೇ ಮನೆಯ ಹುಡುಗ. ಸಿಟ್ಟು ಬಂತು. ನಲವತ್ತು ಮಕ್ಕಳ ಎದುರಿಗೆ ಹೇಳಿದೆ: "ನೀನು ಒಡೇರ ತೋಟಕ್ಕೆ ಸೊಪ್ಪು ಹೊರೋಕೇ ಲಾಯಕ್ಕು."

ಮಕ್ಕಳು ನಕ್ಕರು. ಹುಡುಗ ತಲೆ ತಗ್ಗಿಸಿದ. ಮಳೆಗಾಲದ ರಜೆ ಕಳೆದ ಮೇಲೆ ಅವನು ಶಾಲೆಗೆ ಬರಲಿಲ್ಲ.

ಆ ಮಾತಿನಲ್ಲಿ ನಾನು ಎಷ್ಟು ಜನರಿಗೆ ಹೊಡೆದೆ ನೋಡಿ. ಆ ಹುಡುಗನಿಗೆ ಹೊಡೆದೆ. ಸೊಪ್ಪು ಹೊತ್ತು ನನ್ನನ್ನು ಸಾಕಿದ ನಮ್ಮಪ್ಪನಿಗೆ ಹೊಡೆದೆ. ನಕ್ಕ ಮಕ್ಕಳಲ್ಲಿ ಸೊಪ್ಪು ಹೊರುವವರ ಮಕ್ಕಳೇ ಹೆಚ್ಚಿದ್ದರು, ತಮ್ಮ ಅಪ್ಪ ಅಮ್ಮಂದಿರ ಮೇಲೆ ನಗುವುದನ್ನು ಅವರಿಗೆ ಕಲಿಸಿದೆ. ಒಡೇರು ನನ್ನ ಕೈಯಲ್ಲಿ ಕೊಳಗ ಕೊಟ್ಟು ಅಳೆ ಎಂದು ಹೇಳಿರಲಿಲ್ಲ. ನಾನೇ ಅವರ ಮನೆಯಿಂದ ತಂದುಕೊಂಡಿದ್ದೆ. ನಾನು ಪಾಸಾದದ್ದು ಆ ಕೊಳಗದಲ್ಲಿ, ಹಾಗಾಗಿ ಅದೇ ನಿಜವಾದ ಕೊಳಗ ಎಂದು ನಂಬಿದ್ದೆ. ಶೋಷಣೆ ಮಾಡುವವನು ಎದುರಿಗೆ ನಿಂತಿದ್ದರೆ ಗುರುತು ಹಿಡಿಯಬಹುದು. ಅವನು ನಮ್ಮ ನಾಲಿಗೆಯ ಮೇಲೆ ಕೂತಾಗ ಗುರುತು ಹಿಡಿಯುವವರು ಯಾರು?

ಆ ಹುಡುಗ ಈಗ ಈ ಹೋಬಳಿಯ ಒಳ್ಳೆಯ ಕೊನೆಗಾರ. ಅಡಿಕೆ ಮರದ ಮೇಲೆ ನಿಂತು, ಮರವನ್ನು ಬಾಗಿಸಿ, ಇನ್ನೊಂದು ಮರಕ್ಕೆ ದಾಟಿಕೊಂಡೇ ಹೋಗುತ್ತಾನೆ. ಯಾವ ಗೊನೆ ಇವತ್ತು ಇಳಿಸಬೇಕು, ಯಾವುದು ಹತ್ತು ದಿನ ತಾಳಲಿ ಎಂದು ಬಣ್ಣ ನೋಡಿ ಹೇಳುತ್ತಾನೆ. ಮಳೆ ಹಿಡಿಯುವ ಮುಂಚೆ ಕೊಳೆರೋಗಕ್ಕೆ ಔಷಧಿ ಹೊಡೆಯುವವನೂ ಅವನೇ. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಎರಡನ್ನೂ ಬೇರೆ ಬೇರೆ ಕರಗಿಸಿ ಕೂಡಿಸಬೇಕು. ಪಾಕ ಸರಿಯಾಯಿತೋ ಇಲ್ಲವೋ ನೋಡಲು ಚೊಕ್ಕ ಮಾಡಿದ ಕಬ್ಬಿಣದ ಕತ್ತಿಯ ಅಲಗನ್ನು ಅದ್ದುತ್ತಾನೆ. ಅಲಗಿನ ಮೇಲೆ ತಾಮ್ರದ ಕೆಂಪು ಕೂತರೆ ಸುಣ್ಣ ಸಾಲದು. ಬೋರ್ಡೋ ದ್ರಾವಣವೆಂದು ಅದಕ್ಕೆ ಹೆಸರು. ನೂರು ವರ್ಷದ ಹಿಂದೆ ಮೈಸೂರು ಸಂಸ್ಥಾನದಲ್ಲಿ ವಿಜ್ಞಾನಿ ಕೋಲ್ಮನ್ ಈ ಕೊಳೆರೋಗದ ಮೇಲೆ ಕೆಲಸ ಮಾಡಿದವರು. ನಮ್ಮ ಪಠ್ಯದಲ್ಲಿ ಆಮ್ಲ, ಪ್ರತ್ಯಾಮ್ಲ, ಸ್ಥಾನಪಲ್ಲಟ ಕ್ರಿಯೆ ಎಂದು ಇದೇ ಪಾಠ ಇದೆ. ಪಾಠ ಬಾಯಿಪಾಠ ಮಾಡಿದವನು ಪಾಸು, ಪಾಠವನ್ನು ಕೈಯಲ್ಲಿ ಮಾಡುವವನು ನಪಾಸು. ದೀವರ ಮನೆಯ ಹೆಂಗಸರು ಅಕ್ಕಿಹಿಟ್ಟು, ಕೆಮ್ಮಣ್ಣಿನಲ್ಲಿ ಗೋಡೆಯ ಮೇಲೆ ಬರೆಯುವ ಹಸೆ ಚಿತ್ತಾರ ನೋಡಿ. ಅಳತೆಪಟ್ಟಿ ಇಲ್ಲ, ಕೈವಾರ ಇಲ್ಲ, ಆದರೂ ಗೆರೆಗೆ ಗೆರೆ ಸಮ. ಅದನ್ನು ಬರೆಯುವ ಎಷ್ಟೋ ಅಜ್ಜಿಯರನ್ನು ಜನಗಣತಿಯಲ್ಲಿ 'ಅನಕ್ಷರಸ್ಥೆ' ಎಂದು ಬರೆದುಕೊಂಡು ಹೋಗಿದ್ದಾರೆ.

ಇಲ್ಲಿಗೆ ಬಂದಾಗ ಕೆಲವರು ಖುಷಿಯಾಗಿ ತಲೆದೂಗುತ್ತಾರೆ. "ನೋಡಿದ್ರಾ, ಓದೇ ಎಲ್ಲ ಅಲ್ಲ. ಕಸುಬು ಕೈಯಲ್ಲಿದ್ದರೆ ಸಾಕು. ಡಿಗ್ರಿ ತಗೊಂಡು ಏನು ಮಾಡೋದು?" ಈ ಮಾತು ಹೇಳುವವರ ಮಕ್ಕಳು ಎಲ್ಲಿದ್ದಾರೆ ಎಂದು ಕೇಳಿ ನೋಡಿ. ಒಬ್ಬ ಅಮೆರಿಕ, ಒಬ್ಬಳು ಬೆಂಗಳೂರು. ತಮ್ಮ ಮಕ್ಕಳಿಗೆ ಓದು, ನಮ್ಮ ಮಕ್ಕಳಿಗೆ ಉಪದೇಶ! 1953ರಲ್ಲಿ ಮದರಾಸಿನಲ್ಲಿ ರಾಜಾಜಿಯವರು ತಂದ ಯೋಜನೆ ಇದೇ ತರಹದ್ದು: ಮಗು ಅರ್ಧ ದಿನ ಶಾಲೆಯಲ್ಲಿ, ಉಳಿದ ಹೊತ್ತು ಅಪ್ಪನ ಕಸುಬಿನಲ್ಲಿ. ಕುಂಬಾರನ ಮಗ ಕುಂಬಾರ, ತೋಟಿಯ ಮಗ ತೋಟಿ. ಪೆರಿಯಾರ್ ಬೀದಿಗೆ ಇಳಿದರು. 1954ರಲ್ಲಿ ಕಾಮರಾಜ್ ಮುಖ್ಯಮಂತ್ರಿಯಾದಾಗ ಅದನ್ನು ಕೈಬಿಟ್ಟರು. ಕೆಲಸಕ್ಕೆ ಗೌರವ ಕೊಡಿ ಎನ್ನುವುದು ಬೇರೆ, ಆ ಕೆಲಸದಲ್ಲೇ ಬಿದ್ದಿರಿ ಎನ್ನುವುದು ಬೇರೆ. ಮೊದಲನೆಯದು ಸಮಾನತೆಯ ಮಾತು, ಎರಡನೆಯದು ಹೊಸ ಬಟ್ಟೆ ಹಾಕಿಕೊಂಡ ಮನುಧರ್ಮ.

ಆ ಕೊನೆಗಾರನ ಒಂದು ದಿನದ ಕೂಲಿ ಎಷ್ಟೋ ಅತಿಥಿ ಶಿಕ್ಷಕರ ದಿನದ ಗೌರವಧನಕ್ಕಿಂತ ಹೆಚ್ಚು. ಹಾಗಾದರೆ ಅವನು ಗೆದ್ದ ಎನ್ನೋಣವೇ? ಜಾರಿ ಬಿದ್ದು ಸೊಂಟ ಮುರಿದರೆ ಅವನಿಗೆ ಪಿಂಚಣಿ ಇಲ್ಲ, ರಜೆ ಸಂಬಳ ಇಲ್ಲ. ಮೊಣಕಾಲು ಸೋತ ದಿನ ಅವನ ದುಡಿಮೆ ಮುಗಿಯಿತು. ಮರ ಹತ್ತುವುದನ್ನು ಅವನು ಆರಿಸಿಕೊಂಡದ್ದಲ್ಲ. ಬೇರೆ ಬಾಗಿಲು ಮುಚ್ಚಿದ್ದರಿಂದ ಹತ್ತಿದ. ಅದರಲ್ಲಿ ಒಂದು ಬಾಗಿಲನ್ನು ಮುಚ್ಚಿದವನು ನಾನು. ದುಡ್ಡಿನ ಕೊಳಗದಲ್ಲಿ ಅಳೆದು ಇದನ್ನು ಸರಿಮಾಡಲಾಗದು. ಆರಿಸಿಕೊಳ್ಳುವ ಹಕ್ಕು ಇಲ್ಲದ ಕಡೆ ಗೆಲುವು ಸೋಲಿನ ಮಾತೇ ಅನ್ಯಾಯ.

ಸೋಲೂ ಎಲ್ಲ ಮನೆಗೂ ಒಂದೇ ಬೆಲೆಯದಲ್ಲ. ತೋಟ ಇದ್ದವರ ಮನೆಯ ಹುಡುಗ ನಪಾಸಾದರೆ ಒಂದು ವರ್ಷ ಹೋಯಿತು ಎನ್ನುತ್ತಾರೆ. ತೀರ್ಥಹಳ್ಳಿಯಲ್ಲೋ ಶಿವಮೊಗ್ಗದಲ್ಲೋ ಟ್ಯೂಷನ್ನಿಗೆ ಹಾಕುತ್ತಾರೆ. ಕೂಲಿಯವನ ಮಗ ನಪಾಸಾದರೆ ಮರುವಾರ ಬೆಂಗಳೂರಿನ ಬಸ್ಸು, ಯಾವುದೋ ಹೋಟೆಲಿನ ಹಿಂಬಾಗಿಲು. ಅವನ ಅಕ್ಕ ನಪಾಸಾಗಿದ್ದರೆ ಮದುವೆ. ಅದೇ 31 ಮಾರ್ಕು ಒಂದು ಮನೆಯಲ್ಲಿ ಬೇಸರ, ಇನ್ನೊಂದು ಮನೆಯಲ್ಲಿ ಇಡೀ ಬದುಕು. ಇದನ್ನು ತಿಳಿಯದೆ ಮಕ್ಕಳಿಗೆ 'ಸೋಲೇ ಗೆಲುವಿನ ಮೆಟ್ಟಿಲು' ಎಂದು ಭಾಷಣ ಬಿಗಿಯುವವರನ್ನು ಕಂಡರೆ ನನಗೆ ಹೆದರಿಕೆಯಾಗುತ್ತದೆ. ಮೆಟ್ಟಿಲು ಇರಬೇಕಾದರೆ ಮೊದಲು ಮನೆ ಇರಬೇಕು.

ಇನ್ನು ಪಾಸಾದ ನಮ್ಮ ಕಥೆ. ಅಂಬೇಡ್ಕರ್ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಓದಿ, 1917ರಲ್ಲಿ ಬರೋಡಾ ಸಂಸ್ಥಾನದ ಕೆಲಸಕ್ಕೆ ಸೇರಿದರು. ಕಚೇರಿಯ ಜವಾನರು ಮೈಲಿಗೆಯೆಂದು ಕಡತಗಳನ್ನು ದೂರದಿಂದ ಎಸೆದರು. ಉಳಿದುಕೊಳ್ಳಲು ಒಂದು ಕೋಣೆ ಸಿಗಲಿಲ್ಲ, ಪಾರ್ಸಿ ವಸತಿಗೃಹದಿಂದ ದೊಣ್ಣೆ ಹಿಡಿದವರು ಬಂದು ಹೊರಹಾಕಿದರು. ಅಷ್ಟು ಓದಿದವರನ್ನು ಆ ಜವಾನರು ಅಳೆದದ್ದು ಯಾವ ಕೊಳಗದಲ್ಲಿ? ಪರೀಕ್ಷೆಯ ಕೊಳಗ ತುಂಬಿದ ಮೇಲೂ ಜಾತಿಯ ಕೊಳಗ ಹಾಗೇ ಕಾದು ನಿಂತಿರುತ್ತದೆ. ಅಂಬೇಡ್ಕರ್ ಆ ನೋವನ್ನು ಹೊತ್ತುಕೊಂಡು ಒಂದು ದೊಡ್ಡ ಸಂಬಳದ ಕೆಲಸ ಹುಡುಕಿ ಸುಮ್ಮನಾಗಬಹುದಿತ್ತು. ಆಗಲಿಲ್ಲ, ಅಳೆಯುವ ಕೊಳಗವನ್ನೇ ಒಡೆಯಲು ಹೊರಟರು. ಅದೇ ಅಂಬೇಡ್ಕರ್ 1956ರ ಮಾರ್ಚ್‌ನಲ್ಲಿ ಆಗ್ರಾದಲ್ಲಿ ಮಾತಾಡುತ್ತ, ಓದಿ ಮೇಲೆ ಬಂದ ತಮ್ಮವರೇ ಸಮುದಾಯವನ್ನು ಮರೆತರೆಂದು ನೊಂದುಕೊಂಡರು. ಆ ಮಾತು ನಮ್ಮ ಬೆನ್ನಿಗೆ ಇನ್ನೂ ಅಂಟಿಕೊಂಡಿದೆ. ಸಾಗರದಲ್ಲೋ ಶಿವಮೊಗ್ಗದಲ್ಲೋ ಸೈಟು ತಗೊಂಡು ಮನೆ ಕಟ್ಟಿ, ಕೇರಿಯ ನೆಂಟರು ಬಂದರೆ ಅಕ್ಕಪಕ್ಕದವರಿಗೆ 'ಊರಿನ ಕೆಲಸದವರು' ಎಂದು ಹೇಳುವವರನ್ನು ನಾನು ಬಲ್ಲೆ. ಅವರ ಅಂಕಪಟ್ಟಿ ಚೊಕ್ಕವಾಗಿದೆ. ಅವರು ಪಾಸಾದರೇ?

ಅವರನ್ನು ಬೈಯುವುದೂ ಸುಲಭವಲ್ಲ. ಹೆಸರು ಹೇಳಿದ ಕೂಡಲೇ ಬಾಡಿಗೆ ಮನೆ ಸಿಗದೆ ತಿರುಗಿದವರಿಗೆ ಗೊತ್ತು ಅಡಗಿಕೊಳ್ಳುವ ಸಂಕಟ. ಆದರೂ ಒಂದು ಮಾತು. ಒಬ್ಬನು ದಾಟಿ ಹೋಗಿ ಹಿಂದಿನಿಂದ ಸಂಕ ಎಳೆದುಕೊಂಡರೆ ಅದನ್ನು ದಾಟಿದ್ದು ಎನ್ನಬಾರದು. ನಮ್ಮ ಮಳೆಗಾಲದ ಹಳ್ಳಗಳಿಗೆ ಅಡಿಕೆ ಮರದ ಸಂಕ ಹಾಕಿ ದಾಟುವ ಜನಕ್ಕೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಶಾಂತವೇರಿ ಗೋಪಾಲಗೌಡರನ್ನು ಇನ್ನೊಮ್ಮೆ ನೆನೆಯೋಣ. ತೀರ್ಥಹಳ್ಳಿ ತಾಲ್ಲೂಕಿನ ಆರಗದವರು. 1952ರಲ್ಲಿ ಸಾಗರ–ಹೊಸನಗರದಿಂದ ವಿಧಾನಸಭೆಗೆ ಗೆದ್ದರು, 1957ರಲ್ಲಿ ಸೋತರು, 1962ರಲ್ಲೂ 1967ರಲ್ಲೂ ತೀರ್ಥಹಳ್ಳಿಯಿಂದ ಗೆದ್ದರು. ಮಂತ್ರಿಯಾಗಲಿಲ್ಲ. ಉಳುವವನಿಗೆ ಭೂಮಿ ಎಂದು ಕೂಗುತ್ತಲೇ ಇದ್ದು 1972ರ ಜೂನ್‌ನಲ್ಲಿ ತೀರಿಕೊಂಡರು. ಆಗಿನ್ನೂ ಐವತ್ತಾಗಿರಲಿಲ್ಲ. ದೇವರಾಜ ಅರಸರ ಭೂಸುಧಾರಣೆ ತಿದ್ದುಪಡಿ ಜಾರಿಗೆ ಬಂದದ್ದು 1974ರ ಮಾರ್ಚ್ 1ರಂದು. ಅವರು ನೋಡಲಿಲ್ಲ. ಕೆರಿಯರ್ ಎನ್ನುತ್ತಾರಲ್ಲ, ಆ ಲೆಕ್ಕದಲ್ಲಿ ಗೋಪಾಲಗೌಡರು ಸೋತ ಮನುಷ್ಯ. ಕಾಗೋಡಿನ ಸತ್ಯಾಗ್ರಹವೂ ಹಾಗೆಯೇ, ಕೂಡಲೇ ಯಾರಿಗೂ ಭೂಮಿ ಕೊಡಿಸಲಿಲ್ಲ. ಆದರೆ ಇಪ್ಪತ್ಮೂರು ವರ್ಷದ ಮೇಲೆ ಕಾನೂನು ಬಂದಾಗ ಅದರ ಬೇರು ಎಲ್ಲಿತ್ತು ಎಂದು ಯಾರಾದರೂ ಮರೆಯಬಹುದೇ? ಭದ್ರಾವತಿಯಲ್ಲಿ ಕನ್ನಡ ಪಾಠ ಹೇಳುತ್ತಿದ್ದ ಪ್ರೊಫೆಸರ್ ಬಿ. ಕೃಷ್ಣಪ್ಪನವರು ಸಂಬಳದ ದಿನ ಎಣಿಸಿಕೊಂಡು ಇರಬಹುದಿತ್ತು, ದಲಿತ ಸಂಘರ್ಷ ಸಮಿತಿ ಕಟ್ಟಿದರು. 1973ರಲ್ಲಿ ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಎಂದು ಹೇಳಿ ಮಂತ್ರಿ ಪದವಿ ಕಳೆದುಕೊಂಡರು. ಅವರ ಕುರ್ಚಿ ಹೋಯಿತು, ಆದರೆ ಆ ಒಂದು ಮಾತಿನಿಂದ ಎಷ್ಟು ಹುಡುಗರು ಪೆನ್ನು ಹಿಡಿದರು! ಇವರೆಲ್ಲರ ಗೆಲುವನ್ನು ಅಳೆಯುವ ಕೊಳಗ ಯಾವ ವಿಶ್ವವಿದ್ಯಾಲಯದಲ್ಲಿದೆ?

ಕಾಗೋಡಿನ ಹೆಮ್ಮೆಯಲ್ಲಿ ಒಂದು ಕಹಿಯನ್ನೂ ನುಂಗದೆ ಹೇಳಬೇಕು. 1974ರ ಕಾನೂನಿನಲ್ಲಿ ಗೇಣಿದಾರ ನಮೂನೆ 7 ತುಂಬಿ ಭೂನ್ಯಾಯಮಂಡಳಿಗೆ ಕೊಟ್ಟರೆ ಭೂಮಿ. ನಮ್ಮಪ್ಪ ಏನು ತುಂಬಬೇಕಿತ್ತು? ಅವನು ಗೇಣಿದಾರನಲ್ಲ, ಜೀತದವನು. ಉತ್ತದ್ದು ಅವನೇ, ಆದರೆ ಕೊಳಗಕ್ಕೆ ಸುರಿಯುವುದಕ್ಕೆ ಅವನದು ಅಂತ ಒಂದು ಹಿಡಿ ಭತ್ತವೂ ಇರಲಿಲ್ಲ. ಕೊಳಗ ಸರಿಯಾದ ಮೇಲೂ ಕಣದ ಹೊರಗೆ ನಿಂತವನು ಹೊರಗೇ ಉಳಿದ. ಶಿಕ್ಷಣದಲ್ಲೂ ಇದನ್ನು ಮರೆಯಬಾರದು. 35 ಇರಲಿ, 33 ಇರಲಿ, ಪರೀಕ್ಷೆ ಕೋಣೆಯವರೆಗೆ ಬಂದ ಮಗುವಿಗೆ ಮಾತ್ರ ಆ ಗೆರೆ. ಆರನೇ ತರಗತಿಯಲ್ಲಿ ತಮ್ಮನನ್ನು ಎತ್ತಿಕೊಂಡು ಕೂರಲು ಶಾಲೆ ಬಿಟ್ಟ ಹುಡುಗಿ ನಪಾಸಿನ ಪಟ್ಟಿಯಲ್ಲೂ ಇಲ್ಲ. ಅವಳನ್ನು ಲೆಕ್ಕಕ್ಕೆ ಹಿಡಿಯದ ಶಾಲೆ 'ನೂರಕ್ಕೆ ನೂರು ಫಲಿತಾಂಶ' ಎಂದು ಬ್ಯಾನರ್ ಕಟ್ಟುತ್ತದೆ. ಇನ್ನು ಕೆಲವು ಕಡೆ ಆ ಬ್ಯಾನರಿಗಾಗಿ ದಡ್ಡರೆನಿಸಿದ ಮಕ್ಕಳನ್ನು ಒಂಬತ್ತರಲ್ಲೇ ಬೇರೆ ಶಾಲೆಗೆ ದಾಟಿಸುವುದೂ ಉಂಟು. ರೋಗಿಗಳನ್ನು ಹೊರಗೆ ಹಾಕಿ ನಮ್ಮ ಆಸ್ಪತ್ರೆಯಲ್ಲಿ ಯಾರೂ ಸಾಯುವುದಿಲ್ಲ ಎಂದು ಹೇಳಿಕೊಂಡ ಹಾಗೆ.

ಆದ್ದರಿಂದ ನನಗೆ ಈಗ ತೋರುವುದು ಇಷ್ಟು. ಮಗು ಒಂದು ವಿಷಯದಲ್ಲಿ ನಪಾಸಾಗಬಹುದು, ಮಗುವೇ ನಪಾಸಾಗುವುದಿಲ್ಲ. ಹತ್ತು ವರ್ಷ ತನ್ನ ಹತ್ತಿರ ಇಟ್ಟುಕೊಂಡು ಒಂದು ಮಗುವಿಗೆ ಲೆಕ್ಕ ಕಲಿಸಲಾರದ ಶಾಲೆ ನಪಾಸಾಗುತ್ತದೆ, ಆ ಶಾಲೆಗೆ ಮೇಷ್ಟ್ರನ್ನು ಕೊಡದ ಸರ್ಕಾರ ನಪಾಸಾಗುತ್ತದೆ. ಪಾಸಾದವರನ್ನೂ ಸಂಬಳದಿಂದ ಅಳೆಯಬೇಡಿ. ಅವರು ದಾಟಿದ ಮೇಲೆ ಹಿಂದಿನವರಿಗೆ ಸಂಕ ಉಳಿದಿದೆಯೇ ನೋಡಿ.

ಹೋದ ಚಳಿಗಾಲ, ಕೊನೆ ಕೊಯ್ಲಿನ ಹೊತ್ತು. ದಾರಿಯಲ್ಲಿ ಆ ಕೊನೆಗಾರ ಎದುರಾದ. ಅವನ ಮಗಳು ಈಗ ಎಂಟನೇ ತರಗತಿ, ನನ್ನ ಕ್ಲಾಸಿನಲ್ಲೇ. ಅಪ್ಪನ ಹಾಗೆಯೇ ಬೀಜಗಣಿತ ಕಂಡರೆ ಹೆದರುತ್ತಾಳೆ. ನನಗೆ ಆ ಹಳೆಯ ಮಾತು ಗಂಟಲಲ್ಲಿ ಕೂತಿತ್ತು, ಇಪ್ಪತ್ತೆರಡು ವರ್ಷದಿಂದ. ಕ್ಷಮೆ ಕೇಳಬೇಕೆಂದು ಬಾಯಿ ತೆರೆದೆ. ಅವನೇ ಮೊದಲು ಮಾತಾಡಿದ:

"ಸಾರ್, ಮಗಳಿಗೆ ಲೆಕ್ಕ ಬರಾದು ನಿಧಾನ. ಹೊಡೀರಿ ಬೇಕಾರೆ. ಆದ್ರೆ ನಂಗೆ ಅಂದಿದ್ರಲ್ಲ, ಹಂಗೆ ಮಾತ್ರ ಅನ್ಬೇಡಿ."

ಅವನು ಮರೆತಿರಲಿಲ್ಲ. ಸಿಟ್ಟೂ ಇರಲಿಲ್ಲ, ಅದೇ ನನಗೆ ಹೆಚ್ಚು ಕಷ್ಟವಾಯಿತು. ತಪ್ಪಾಯಿತು ಮಾರಾಯ ಎಂದೆ. ಅವನು ಹಗ್ಗ ಹೆಗಲಿಗೆ ಹಾಕಿಕೊಂಡು ತೋಟದ ಕಡೆ ನಡೆದ. ನನ್ನ ತಪ್ಪಾಯಿತು ಎಂಬ ಮಾತು ಅವನ ಎಂಟನೇ ತರಗತಿಯನ್ನು ಅವನಿಗೆ ವಾಪಸ್ ಕೊಡುವುದಿಲ್ಲ ಎಂದು ನಮ್ಮಿಬ್ಬರಿಗೂ ಗೊತ್ತಿತ್ತು.

ಈಗ ಆ ಹುಡುಗಿ ಮತ್ತು ಇನ್ನು ಆರು ಮಕ್ಕಳು ಸಂಜೆ ಒಂದು ತಾಸು ಶಾಲೆಯಲ್ಲಿ ಉಳಿಯುತ್ತಾರೆ. ನೂರು ಲೀಟರಿಗೆ ಒಂದು ಕಿಲೋ ಸುಣ್ಣವಾದರೆ ಇನ್ನೂರೈವತ್ತಕ್ಕೆ ಎಷ್ಟು ಎಂದು ಶುರು ಮಾಡುತ್ತೇವೆ. ಅಲ್ಲಿಂದ ಎಕ್ಸ್‌ಗೆ ಹೋಗುತ್ತೇವೆ. ಎಕ್ಸ್‌ಗೆ ಹೋಗಲೇಬೇಕು. ಸುಣ್ಣದಲ್ಲೇ ನಿಲ್ಲಿಸುವ ಹಕ್ಕು ನನಗಿಲ್ಲ.

ಹಳ್ಳಿ ಶಾಲೆಗಳ ಗೆಳೆಯರೇ, ಮುಂದಿನ ಫಲಿತಾಂಶದ ದಿನ ಒಂದು ಕೆಲಸ ಮಾಡೋಣ. ಪಾಸಾದವರ ಮನೆಯ ಸಿಹಿ ಆಮೇಲೆ ತಿನ್ನೋಣ. ಮೊದಲು ನಪಾಸಾದವರ ಮನೆಗೆ ಹೋಗೋಣ, ಕತ್ತಲಾಗುವ ಮುಂಚೆ. ಯಾವ ವಿಷಯ, ಎಷ್ಟು ಅಂಕ, ಮುಂದಿನ ಪರೀಕ್ಷೆ ಯಾವತ್ತು, ಶುಲ್ಕ ಯಾರು ಕಟ್ಟುವುದು, ಬಸ್ಸಿಗೆ ಏನು ಮಾಡುವುದು, ಇಷ್ಟನ್ನು ಕೂತು ಮಾತಾಡೋಣ. ಅದು ಮುಗಿದ ಮೇಲೆ ಹಾಜರಿ ಪುಸ್ತಕ ತೆಗೆದು, ಒಂದನೇ ತರಗತಿಗೆ ಇವರ ಜೊತೆ ಸೇರಿದವರಲ್ಲಿ ಯಾರ್‍ಯಾರು ಈ ಪಟ್ಟಿಯಲ್ಲೇ ಇಲ್ಲ ಎಂದು ಹೆಸರು ಹಿಡಿದು ಎಣಿಸೋಣ. ವಿದ್ಯಾರ್ಥಿ ಗೆಳೆಯರು ಈ ಎಣಿಕೆಯಲ್ಲಿ ನಮ್ಮ ಜೊತೆ ಬರಲಿ, ನಾವು ತಪ್ಪಿಸಿದರೆ ಕೇಳಲಿ.

ಆ ತಾಯಿ ಇನ್ನೂ ನನ್ನ ಜಗಲಿಯ ತುದಿಯಲ್ಲಿ ಕೂತಿದ್ದಾಳೆ ಅನ್ನಿಸುತ್ತದೆ. ಇಡೀ ಅಂವನೇ ಫೇಲಾ ಎಂದು ಕೇಳುತ್ತಿದ್ದಾಳೆ. ಈಗ ಉತ್ತರ ಹೇಳುತ್ತೇನೆ: ಅಲ್ಲಮ್ಮಾ, ಇಡೀ ಅವನಲ್ಲ. ಉಳಿದದ್ದರಲ್ಲಿ ನನ್ನ ಪಾಲೂ ಇದೆ.